ತೋಳಿನ ಮೇಲಿನ ದಾಕು

ಮಂಡ್ಯದಿಂದ ಮೈಸೂರಿಗೆ ಹೋಗೋ ಬೆಳಗಿನ ರೈಲಿನಲ್ಲಿ ಸೀಟು ಸಿಗದವರೆಲ್ಲ ಕೈ ಮೇಲೆತ್ತಿ ಕಂಬಿ ಹಿಡಿದು ನಿಂತಿರುತ್ತಾರೆ. ಸುಮ್ನೆ ಅವರ ಎಡತೋಳು ನೋಡಿ. ಅರ್ಧತೋಳಿನ ಅಂಗಿ ಸರಿದ ಕಡೆ ಒಂದು ಪುಟ್ಟ ಗುಳಿ ಕಾಣುತ್ತದೆ. ಹುಟ್ಟಿದ ಹೊಸದರಲ್ಲಿ ಕ್ಷಯ (ಟಿಬಿ) ತಡೆಯಲಿ ಅಂತ ಹಾಕಿದ ಬಿಸಿಜಿ ಲಸಿಕೆಯ ಗುರುತು ಅದು. ವಯಸ್ಸಾದವರಿಗೆ ಇನ್ನೂ ಅಗಲವಾದ ಗುರುತು ಇರುತ್ತದೆ, ಅದು ಸಿಡುಬಿನ ದಾಕು, ಅಂದ್ರೆ ಸಿಡುಬಿನ ಲಸಿಕೆ. "ದಾಕು ಹಾಕೋರು ಬಂದವ್ರೆ ಅಂದ್ರೆ ಕಬ್ಬಿನ ಗದ್ದೆ ಒಳಕ್ಕೆ ಅವುತ್ಕೊಬುಡ್ತಿದ್ದೋ ಕನಪ್ಪ" ಅಂತ ನಮ್ಮಜ್ಜಿ ನಗುತ್ತಿದ್ದಳು.

ಅರಮನೆಯವರು ಹೀಗೆ ಓಡಲಿಲ್ಲ ಅನ್ನಿಸುತ್ತದೆ. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಸೀರೆ ಸರಿಸಿ ತೋಳು ತೋರಿಸುತ್ತಾಳೆ. ನರ್ತಕಿಯರ ಚಿತ್ರ ಅಂದುಕೊಂಡಿದ್ದರಂತೆ. ಅಲ್ಲ, ಆಕೆ ಮೈಸೂರಿನ ರಾಣಿ, ತೋರಿಸುತ್ತಿರೋದು ದಾಕು ಹಾಕಿಸಿಕೊಂಡ ಜಾಗ ಅಂತ ಚರಿತ್ರೆಕಾರರೊಬ್ಬರ ವಾದ. ನನಗಂತೂ ನಂಬಲು ಇಷ್ಟ.

ಮಜಾ ಏನಂದ್ರೆ ಈ ಎರಡು ಗುರುತಿಗೂ ಮೂಲ ಹಸುವೇ. ಹಾಲು ಕರೆಯೋರಿಗೆ ಹಸುವಿನ ಸಿಡುಬು ಅಂಟಿದರೆ ದೊಡ್ಡ ಸಿಡುಬು ಬರೋದಿಲ್ಲ ಅನ್ನೋ ಹಳ್ಳಿಯವರ ಮಾತನ್ನು 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್ ಪರೀಕ್ಷೆ ಮಾಡಿ ನೋಡಿದ. ಬಿಸಿಜಿಗೆ ಹಸುವಿನ ಕ್ಷಯದ ರೋಗಾಣು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಅದನ್ನು ಆಲೂಗಡ್ಡೆ, ಪಿತ್ತರಸದ ಮೇಲೆ 13 ವರ್ಷ ಬೆಳೆಸಿ ಬೆಳೆಸಿ ಸಾಧು ಮಾಡಿಬಿಟ್ಟರು. 1921ರಲ್ಲಿ ಮೊದಲ ಸಲ ಒಂದು ಮಗುವಿಗೆ ಕೊಟ್ಟರು. ಅದೇ ವರ್ಷ ಮೈಸೂರಿನಲ್ಲಿ ಪಿಕೆಟಿಬಿ ಅನ್ನೋ ಕ್ಷಯದ ಆಸ್ಪತ್ರೆ ಶುರುವಾಯಿತು, ಕ್ಷಯದಿಂದ ತೀರಿಹೋದ ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ. ಅರಮನೆ ಗೋಡೆ ಎಷ್ಟು ಎತ್ತರ ಇದ್ದರೇನು, ಕೆಮ್ಮಿನ ಜೊತೆ ಗಾಳಿಗೆ ಸೇರೋ ರೋಗಾಣುವಿಗೆ ಅದು ಲೆಕ್ಕವೇ ಅಲ್ಲ.

ಬಿಸಿಜಿ ಚುಚ್ಚಿದ ಕೆಲವು ವಾರಕ್ಕೆ ಮಗುವಿನ ತೋಳಲ್ಲಿ ಗುಳ್ಳೆ ಎದ್ದು ಕೀವಾಗುತ್ತದೆ. ಹೊಸ ತಾಯಂದಿರು ಹೆದರಿ ಅರಿಶಿನ ಹಚ್ಚೋಣವಾ ಅಂತಾರೆ. ಏನೂ ಹಚ್ಚಬೇಡಿ, ಒಳಗೆ ತಾಲೀಮು ನಡೀತಿದೆ. ಗರಡಿಯಲ್ಲಿ ಹೊಸ ಹುಡುಗನ ಎದುರಿಗೆ ಮೆತ್ತನೆಯ ಜೋಡಿ ಬಿಟ್ಟು ಪಟ್ಟು ಕಲಿಸ್ತಾರಲ್ಲ, ಹಾಗೆ. ಬಿಳಿ ರಕ್ತಕಣಗಳು ಓಡಿಬಂದು ರೋಗಾಣುವನ್ನು ನುಂಗುತ್ತವೆ, ಅದರ ಗುರುತು ಇನ್ನೊಂದು ಜಾತಿಯ ಕಣಗಳಿಗೆ ತೋರಿಸುತ್ತವೆ, ಅವುಗಳಲ್ಲಿ ಕೆಲವು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ಕೀವು ಅಂದ್ರೆ ಬಹುಪಾಲು ಸತ್ತ ಬಿಳಿಕಣಗಳೇ. ಕೆಲವು ಮಕ್ಕಳಿಗೆ ಗುರುತು ಉಳಿಯೋದೇ ಇಲ್ಲ, ಅದಕ್ಕೂ ಗಾಬರಿ ಬೇಡ.

ಹಾಗಂತ ಬಿಸಿಜಿ ಪೂರ್ತಿ ರಕ್ಷೆಯೇನಲ್ಲ. ಎಳೆಮಕ್ಕಳ ಮಿದುಳಿಗೆ ಏರೋ ಕ್ಷಯವನ್ನು ಚೆನ್ನಾಗಿ ತಡೆಯುತ್ತದೆ, ದೊಡ್ಡವರ ಶ್ವಾಸಕೋಶದ್ದಕ್ಕೆ ಅಷ್ಟು ಭರವಸೆ ಇಲ್ಲ. ವಾರಗಟ್ಟಲೆ ಕೆಮ್ಮಿದ್ದರೆ ತೋಳಿನ ಗುಳಿ ತೋರಿಸಿ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ.

ಸಿಡುಬು ಹೋಯಿತು. 1980ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ಸಾರಿದರು, ದಾಕು ಹಾಕೋರ ಕೆಲಸವೂ ಮುಗಿಯಿತು. ಮೊನ್ನೆಮೊನ್ನೆಯ ಕೊರೊನಾ ಸೂಜಿ ತೋಳಿನಲ್ಲಿ ಏನೂ ಬಿಡಲಿಲ್ಲ, ಮೊಬೈಲಿನಲ್ಲಿ ಒಂದು ಸರ್ಟಿಫಿಕೇಟ್ ಬಿಟ್ಟಿತು. ಅದನ್ನೂ ಎಷ್ಟೋ ಜನ ಫೋನ್ ಬದಲಾಯಿಸುವಾಗ ಕಳೆದುಕೊಂಡಿದ್ದಾರೆ, ಅಲ್ವಾ?