ಹೊಳೆಯ ಹೊಯ್ಗೆ, ಕಡಲಿನ ಕಲ್ಲು

ದೊಡ್ಡಮ್ಮನ ಜಾಗದ ಪಹಣಿಯಲ್ಲಿ ಈಗಲೂ 22 ಸೆಂಟ್ಸ್ ಅಂತಲೇ ಇದೆ. ಮೊನ್ನೆ ಹೋದಾಗ ನಾನೂ ಅವರ ಮಗನೂ ಟೇಪ್ ಹಿಡಿದು ಅಳೆದೆವು. 13 ಸೆಂಟ್ಸ್ ಕೂಡ ಸರಿಯಾಗಿ ಸಿಗಲಿಲ್ಲ. ಉಳಿದದ್ದು ಕಡಲ ಪಾಲು. ತೀರ್ವೆ (ಭೂಕಂದಾಯ) ಮಾತ್ರ ಪೂರ್ತಿ 22 ಸೆಂಟ್ಸಿಗೂ ಕಟ್ಟುತ್ತಾ ಬಂದಿದ್ದಾರೆ.

ಅವರ ಮನೆ ಮಂಗಳೂರಿನ ಹತ್ತಿರದ ಉಳ್ಳಾಲದಿಂದ ತೆಂಕಕ್ಕೆ, ಉಚ್ಚಿಲದ ಕಡೆ. ನಾವು ಚಿಕ್ಕವರಿದ್ದಾಗ ಮನೆಯ ಹಿಂದೆ ಎರಡು ಸಾಲು ತೆಂಗು, ಆಮೇಲೆ ಬಳ್ಳಿ ಹಬ್ಬಿದ ಹೊಯ್ಗೆಯ (ಮರಳಿನ) ದಿಬ್ಬ, ಅದನ್ನು ಇಳಿದು ಒಂದಷ್ಟು ಓಡಿದ ಮೇಲೆಯೇ ನೀರು. ಬೇಸಿಗೆ ರಜೆಯಲ್ಲಿ ಆ ಹೊಯ್ಗೆ ಕಾಲು ಸುಡುತ್ತಿತ್ತು. ಈಗ ಹಿಂಬಾಗಿಲು ತೆಗೆದರೆ ಕಪ್ಪು ಬಂಡೆಕಲ್ಲುಗಳ ರಾಶಿ. ಅದರಾಚೆ ನೇರವಾಗಿ ಕಡಲು.

ಎರಡು ಸಾಲಿನಲ್ಲಿ 14 ಮರ ಹೋಗಿವೆ. ಇದರ ಲೆಕ್ಕ ಹಾಕಲು ನಾನು ಅರ್ಥಶಾಸ್ತ್ರ ಓದಬೇಕಿಲ್ಲ. ಒಂದು ಒಳ್ಳೆಯ ಮರ ವರ್ಷಕ್ಕೆ 80 ಕಾಯಿ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕಾಯಿಗೆ 20 ರೂಪಾಯಿ ಅಂತ ಕಡಿಮೆಗೇ ಹಿಡಿಯೋಣ. 14 ಮರಕ್ಕೆ ವರ್ಷಕ್ಕೆ 22,400 ರೂಪಾಯಿ. ಆ ಮರಗಳು ಇನ್ನೂ 40 ವರ್ಷ ಬದುಕುತ್ತಿದ್ದವು. ಒಟ್ಟು ಹತ್ತಿರಹತ್ತಿರ 9 ಲಕ್ಷ. ಮಡಲು, ಕೊತ್ತಳಿಗೆ, ಸಿಪ್ಪೆ, ನೆರಳು ಇದರಲ್ಲಿ ಸೇರಿಲ್ಲ. ಬಾವಿಯ ನೀರಿಗೆ ಉಪ್ಪು ಹತ್ತಿ, ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವಂತಾದದ್ದೂ ಸೇರಿಲ್ಲ. ಅಂಥ ಜಾಗದ ಮೇಲೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಒಮ್ಮೆ ಬಂದು ನೋಡಿ, ಚಹಾ ಕುಡಿದು, ಮತ್ತೆ ಫೋನೇ ಮಾಡುವುದಿಲ್ಲ. ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಗೊತ್ತಿಲ್ಲ.

ಇದು ಒಂದು ಮನೆಯ ಕಥೆ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ದೇಶದ ಇಡೀ ದಡವನ್ನು ಅಳೆದಿದ್ದಾರೆ. ಮೂರರಲ್ಲಿ ಒಂದು ಭಾಗ ಕೊರೆದುಹೋಗುತ್ತಿದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಅದು ಸುಮಾರು ಕಾಲುಭಾಗ.

"ಮೊದಲು ಸಮುದ್ರ ತಗೊಂಡದ್ದನ್ನು ವಾಪಸ್ ಕೊಡ್ತಿತ್ತು ಮಗಾ. ಈಗ ತಗೊಳ್ಳುದು ಮಾತ್ರ" ಅಂದರು ದೊಡ್ಡಮ್ಮ. ಕಡಲಿನ ವಿಜ್ಞಾನ ಓದಿದವರು ಹೇಳುವುದೂ ಇದನ್ನೇ. ಮಳೆಗಾಲದ ದೊಡ್ಡ ತೆರೆಗಳು ದಡದ ಹೊಯ್ಗೆಯನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ, ನೀರಿನಡಿ ದಿಬ್ಬ ಮಾಡಿ ಇಡುತ್ತವೆ. ಮಳೆ ಮುಗಿದ ಮೇಲೆ ಸಣ್ಣ ತೆರೆಗಳು ಅದನ್ನೇ ಮೆಲ್ಲಗೆ ತಂದು ದಡಕ್ಕೆ ಹಾಕುತ್ತವೆ. ಈ ಕೊಡು ಕೊಳ್ಳುವಿಕೆಯಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಸುವುದು ಹೊಳೆ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಶರಾವತಿ, ಎಲ್ಲವೂ ಘಟ್ಟದಿಂದ ಹೊಯ್ಗೆ ಹೊತ್ತು ತಂದು ಕಡಲಿಗೆ ಕೊಡುವಂಥವು.

ಆ ಹೊಯ್ಗೆಗೆ ನಾವು ಏನೇನು ಮಾಡಿದ್ದೇವೆ ನೋಡಿ. ಹೊಳೆಗೆ ಅಡ್ಡ ಅಣೆಕಟ್ಟು ಕಟ್ಟಿದ್ದೇವೆ. ಅಣೆಕಟ್ಟಿನ ಕೆಳಗೆ ಉಳಿದದ್ದನ್ನು ದೋಣಿ ಹಾಕಿ, ಯಂತ್ರ ಹಾಕಿ ಮೇಲೆತ್ತಿದ್ದೇವೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿ ಮರಳುಗಾರಿಕೆ ಮಾಡುವಂತಿಲ್ಲ. ಆದರೆ ದೋಣಿ ಓಡಾಟಕ್ಕೆ ಅಡ್ಡಿಯಾಗುವ 'ಮರಳು ದಿಬ್ಬ ತೆರವು' ಅಂತ ಪರವಾನಗಿ ಕೊಟ್ಟದ್ದುಂಟು. ರಾತ್ರಿ ಹೋಗುವ ಲಾರಿಗಳಿಗೆ ಅದೂ ಬೇಕಿಲ್ಲ. ಇಷ್ಟೆಲ್ಲ ದಾಟಿ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ಬಂದ ಹೊಯ್ಗೆಗೆ ಬ್ರೇಕ್‌ವಾಟರ್ ಅಡ್ಡ. ಮೀನಿನ ಬೋಟುಗಳು ಸಲೀಸಾಗಿ ಬಂದು ಹೋಗಲಿ ಅಂತ ಕಟ್ಟಿದ ಕಲ್ಲಿನ ಗೋಡೆಗಳವು. ಬೇಕಾಗಿದ್ದದ್ದೇ. ಆದರೆ ದಡದುದ್ದಕ್ಕೂ ಸರಿದು ಹೋಗುವ ಹೊಯ್ಗೆ ಅಂಥ ಗೋಡೆಗೆ ತಾಗಿ ಒಂದು ಬದಿಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಬದಿ ಹಸಿದು ಕೂರುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇದರ ಲೆಕ್ಕ ಬರೆಯುವ ರೀತಿಗೆ. ಹೊಳೆಯಿಂದ ಒಂದು ಲೋಡ್ ಹೊಯ್ಗೆ ತೆಗೆದರೆ ಸರ್ಕಾರಕ್ಕೆ ರಾಜಧನ (ರಾಯಲ್ಟಿ) ಬರುತ್ತದೆ. ಅದು ಗಣಿ ಇಲಾಖೆಯ ಪುಸ್ತಕದಲ್ಲಿ ಆದಾಯ. ಅಳಿವೆಯಲ್ಲಿ ಹೂಳು ತುಂಬಿದರೆ ಎತ್ತಲು ಟೆಂಡರ್. ಅದು ಬಂದರು ಇಲಾಖೆಯ ಖರ್ಚು. ದಡ ಕೊರೆದರೆ ಕೋರೆಯಿಂದ ಬಂಡೆಕಲ್ಲು ತಂದು ಸುರಿಯಬೇಕು. ಅದಕ್ಕೂ ಟೆಂಡರ್. ಮನೆ ಬಿದ್ದರೆ ಪರಿಹಾರ ಕಂದಾಯ ಇಲಾಖೆಯದ್ದು. ಟಿಪ್ಪರ್ ಓಡಿ ಓಡಿ ಹಾಳಾದ ರಸ್ತೆ ಪಂಚಾಯತಿಯ ತಲೆಗೆ. ಎಲ್ಲವೂ ಅದೇ ಹೊಯ್ಗೆಯ ಲೆಕ್ಕ. ಆದರೆ ಈ ಪುಸ್ತಕಗಳನ್ನು ಒಂದೇ ಮೇಜಿನ ಮೇಲಿಟ್ಟು ಕೂಡಿಸಿ ಕಳೆದವರನ್ನು ನಾನಂತೂ ನೋಡಿಲ್ಲ. ಹಾಗೆ ಕೂಡಿಸಿದರೆ ಆ ರಾಜಧನ ಏನೇನೂ ಸಾಲದು ಅಂತಲೇ ನನ್ನ ನಂಬಿಕೆ. ದೊಡ್ಡಮ್ಮನ 14 ಮರಕ್ಕಂತೂ ಯಾವ ಪುಸ್ತಕದಲ್ಲೂ ಒಂದು ಗೆರೆ ಜಾಗವಿಲ್ಲ.

ಕಲ್ಲು ಹಾಕಿದರೆ ಮುಗಿಯಿತಾ? ಅದೂ ಇಲ್ಲ. ತೆರೆ ಕಲ್ಲಿಗೆ ಬಡಿದು ವಾಪಸ್ ಹೋಗುವಾಗ ಗೋಡೆಯ ಬುಡದ ಹೊಯ್ಗೆಯನ್ನೇ ಎತ್ತಿಕೊಂಡು ಹೋಗುತ್ತದೆ. ಬುಡ ಖಾಲಿಯಾದ ಮೇಲೆ ಕಲ್ಲು ಜಾರುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಟಿಪ್ಪರ್. ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ತೆರೆಯ ರಭಸ ತಗ್ಗಿಸುವ ನೀರಿನಡಿಯ ತಡೆ (ರೀಫ್), ದಡದ ಹತ್ತಿರ ದಿಬ್ಬ (ಬರ್ಮ್) ಎಲ್ಲ ಕಟ್ಟಿದರು. ಸುಮ್ನೆ ಕಲ್ಲು ಸುರಿಯುವುದಕ್ಕಿಂತ ಅದು ಯೋಚನೆ ಮಾಡಿ ಮಾಡಿದ ಕೆಲಸ, ಒಪ್ಪುತ್ತೇನೆ. ಆದರೆ ಕಡಲ್ಕೊರೆತದ ಸುದ್ದಿ ಆಮೇಲೆ ಸೋಮೇಶ್ವರ, ಉಚ್ಚಿಲದಿಂದ ಬರತೊಡಗಿತು.

ಪೇಟೆಯವರಿಗೆ ಬೀಚ್ ಅಂದರೆ ಸಂಜೆ ಹೋಗಿ ಕೂರುವ ಜಾಗ. ನಮ್ಮಲ್ಲಿ ಅದು ದುಡಿಮೆಯ ಜಾಗ. ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಗೊತ್ತು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಹೊಯ್ಗೆಯಲ್ಲಿ ಹಿಮ್ಮಡಿ ಊರಿ ಹಿಂದಕ್ಕೆ ಹಿಂದಕ್ಕೆ ಎಳೆಯುತ್ತಾರೆ. ಹಿಂದಕ್ಕೆ ಹೋಗಲು ಜಾಗ ಬೇಕಲ್ವಾ? ಬಂಡೆಕಲ್ಲಿನ ರಾಶಿಯ ಮೇಲೆ ಹಿಮ್ಮಡಿ ಊರುವುದು ಎಲ್ಲಿ? ನಾಡದೋಣಿಯನ್ನು ಎಳೆದು ನಿಲ್ಲಿಸುವುದು ಎಲ್ಲಿ? ಒಣಮೀನು ಮಾಡುವ ಹೆಂಗಸರು ಮೀನು ಹರಡುವುದು ಎಲ್ಲಿ? ಜೂನ್ ಒಂದರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರಿಗೆ ನಾಲ್ಕು ಕಾಸು ಸಿಗುವ ಕಾಲ ಅದು. ದಡ ಕೊರೆಯುವುದೂ ಸರಿಯಾಗಿ ಆಗಲೇ.

ನಷ್ಟಕ್ಕೆ ಬೆಲೆ ಕಟ್ಟಲು ನಮಗೆ ಬರುವುದಿಲ್ಲ ಅಂತಲ್ಲ. 2025ರ ಮೇ 25ರಂದು ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ದಡದವರೆಗೂ ಬಂದು ಬಿದ್ದವು. ಕೇರಳ ಸರ್ಕಾರ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಅದರಲ್ಲಿ ಪರಿಸರ ಹಾನಿಗೇ 8,626 ಕೋಟಿ. ಮೀನುಗಾರರ ನಷ್ಟಕ್ಕೆ ಬೇರೆಯಾಗಿ 500 ಕೋಟಿಗೂ ಜಾಸ್ತಿ. ಹಾನಿ ಮಾಡಿದವರು ಹೊರಗಿನ ಕಂಪನಿಯವರಾದರೆ ಕಡಲಿನ ಬೆಲೆ, ಮೀನಿನ ಬೆಲೆ, ದಡದ ಬೆಲೆ ಎಲ್ಲವೂ ಕೋಟಿಗಳಲ್ಲಿ ಸಿಗುತ್ತದೆ. ಕೇಳಿದ್ದು ಸರಿಯೇ. ನನ್ನ ಪ್ರಶ್ನೆ ಇಷ್ಟೇ. ನಮ್ಮದೇ ಹೊಳೆಯಿಂದ, ನಮ್ಮದೇ ಪರವಾನಗಿ ಕೊಟ್ಟು ಹೊಯ್ಗೆ ತೆಗೆಯುವಾಗ ಅದೇ ಲೆಕ್ಕ ಯಾಕೆ ಹಾಕುವುದಿಲ್ಲ?

ಮರಳು ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಮನೆಯೂ ಹೊಳೆಯ ಹೊಯ್ಗೆಯಲ್ಲೇ ಎದ್ದದ್ದು. ದಿನಗೂಲಿಗೆ ಹೊಳೆಗೆ ಇಳಿದು ಮುಳುಗಿ ಮುಳುಗಿ ಬುಟ್ಟಿ ತುಂಬಿಸುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನು ಕೇಳುವುದು ಎರಡೇ. ಅಳಿವೆಯಲ್ಲಿ ಎತ್ತಿದ ಒಳ್ಳೆಯ ಹೊಯ್ಗೆಯನ್ನು ಮಾರುವ ಬದಲು, ಕೊರೆದುಹೋದ ದಡಕ್ಕೇ ತಂದು ಹಾಕಿ. ಹೊರದೇಶಗಳಲ್ಲಿ ಪಂಪು ಹಚ್ಚಿ ಪೈಪಿನಲ್ಲೇ ಕಲ್ಲಿನ ಗೋಡೆಯ ಆಚೆ ಬದಿಗೆ ಸಾಗಿಸುತ್ತಾರೆ. ಎರಡನೆಯದು, ಹೊಳೆಯಲ್ಲಿ ಮರಳಿಗೆ ಪರವಾನಗಿ ಕೊಡುವ ಮೊದಲು ಆ ಹೊಳೆ ಸೇರುವ ಕಡಲ ದಡದಲ್ಲಿ ಕಳೆದ ಹತ್ತು ವರ್ಷ ಕಲ್ಲಿಗೆ, ಪರಿಹಾರಕ್ಕೆ ಎಷ್ಟು ಖರ್ಚಾಯಿತು ಅಂತ ಅದೇ ಕಾಗದದಲ್ಲಿ ಬರೆಯಿರಿ. ಸಹಿ ಹಾಕುವವರ ಕಣ್ಣಿಗೆ ಎರಡೂ ಅಂಕಿ ಒಟ್ಟಿಗೆ ಬೀಳಲಿ.

ಕರಾವಳಿಯಲ್ಲಿ ಜಾಗ ಇರುವವರಲ್ಲಿ ಒಂದು ಕೋರಿಕೆ. ಮನೆಯ ಪಹಣಿ ತೆಗೆದು, ಒಂದು ಭಾನುವಾರ ಟೇಪ್ ಹಿಡಿದು ಅಳೆಯಿರಿ. ಕಾಗದದಲ್ಲಿ ಎಷ್ಟು, ನೆಲದಲ್ಲಿ ಎಷ್ಟು, ಎಷ್ಟು ಮರ ಹೋಯಿತು, ಬಾವಿಯ ನೀರು ಹೇಗಿದೆ ಅಂತ ಊರಿನ ಹೆಸರಿನ ಜೊತೆ ಕೆಳಗೆ ಕಮೆಂಟಿನಲ್ಲಿ ಬರೆಯಿರಿ. ನಾನು ಕೂಡಿಸುತ್ತಾ ಹೋಗುತ್ತೇನೆ. ಮೊದಲ ಸಾಲು ನನ್ನದೇ ಇರಲಿ: ಉಚ್ಚಿಲ, 22ಕ್ಕೆ 13, ಮರ 14, ಬಾವಿ ಉಪ್ಪು.