ಸತ್ಯಾಂಶ: ಆಸ್ಟ್ರೇಲಿಯಾದ ಆದಿವಾಸಿ ಚಿತ್ರ ಅಂದ್ರೆ ಬರೀ ಚುಕ್ಕೆನಾ?

ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಕ್ಯಾನ್ವಾಸ್ ತುಂಬಾ ಚುಕ್ಕೆ ಇಡ್ತಾ ಬಂದಿದ್ದಾರೆ ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಹಾಗಲ್ಲ. ಬಂಡೆ, ನೆಲ, ಮೈ ಮೇಲೆ ಬರೆಯುವುದು ಹಳೆಯದು, ನಿಜ. ಆದರೆ ಚುಕ್ಕೆ ಚಿತ್ರಗಳು ಹಲಗೆಗೆ, ಆಮೇಲೆ ಕ್ಯಾನ್ವಾಸಿಗೆ ಬಂದದ್ದು 1971ರಿಂದೀಚೆಗೆ, ಮಧ್ಯ ಆಸ್ಟ್ರೇಲಿಯಾದ ಪಪುನ್ಯದಲ್ಲಿ.

ಎಲ್ಲರದ್ದೂ ಚುಕ್ಕೆಯೂ ಅಲ್ಲ. ಆದಿವಾಸಿ ಚಿತ್ರಕಾರ ರೋವರ್ ಥಾಮಸ್ ಅವರನ್ನೇ ನೋಡಿ: ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯಲ್ಲಿ ಹತ್ತಾರು ವರ್ಷ ಕುದುರೆ ಏರಿ ದನ ಅಟ್ಟಿದವರು, 1974ರಲ್ಲಿ ಡಾರ್ವಿನ್ ನಗರವನ್ನು ಹಾಳುಗೆಡವಿದ ಟ್ರೇಸಿ ಚಂಡಮಾರುತದ ನಂತರ ಅವರಿಗೆ ಕನಸಿನಲ್ಲಿ ಹಾಡು-ಕುಣಿತದ ಒಂದು ಆಚರಣೆಯೇ ಬಂತು, ಅದರಲ್ಲಿ ಹೊತ್ತು ಕುಣಿಯುವ ಹಲಗೆಗಳಿಂದ ಇವರ ಚಿತ್ರಗಳೂ ಹುಟ್ಟಿದವು. ಕುಂಚ ಹಿಡಿದಾಗ ವಯಸ್ಸು ಐವತ್ತು ದಾಟಿತ್ತು! ಇವರ ಚಿತ್ರಗಳಲ್ಲಿ ಕೆಮ್ಮಣ್ಣು, ಕಪ್ಪು ಬಣ್ಣದ ದೊಡ್ಡ ಹರವುಗಳು. ಚುಕ್ಕೆ ಹೆಚ್ಚಾಗಿ ಅಂಚಿಗಷ್ಟೇ. 1990ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಆಸ್ಟ್ರೇಲಿಯಾ ಕಳಿಸಿದ ಇಬ್ಬರಲ್ಲಿ ಇವರೊಬ್ಬರು.