ಪರ–ವಿರೋಧ: ಫೋನ್ ಎತ್ತಬೇಕಾದ್ದು ಸಿಸ್ಟರೋ, ಸಿಸ್ಟಮ್ಮೋ?

ಮನೆಯಿಂದ ಕರೆ ಮಾಡುವವರಿಗೆ ಆರೋಗ್ಯ ಸಲಹೆ ಕೊಡುವ ಕೆಲಸವನ್ನು ನರ್ಸ್‌ಗಳ ಕೈಯಿಂದ ತೆಗೆದು ಕಂಪ್ಯೂಟರಿನ ಪರಿಣತ ವ್ಯವಸ್ಥೆಗೆ ಒಪ್ಪಿಸಬಹುದೇ? ಪರವಾಗಿ ಬರೆದವರು ಮಣಿಪಾಲದಲ್ಲಿ ಆಸ್ಪತ್ರೆಗಳ ಸಾಫ್ಟ್‌ವೇರ್ ಕೆಲಸದಲ್ಲಿರುವವರು. ವಿರೋಧವಾಗಿ ಬರೆದವರು ಮಂಗಳೂರಿನಲ್ಲಿ ಬಹುಕಾಲ ನರ್ಸ್ ಆಗಿ ದುಡಿದವರು.

ಪರ: ಒಂದು ಪ್ರಶ್ನೆಯನ್ನೂ ಬಿಡದೆ ಕೇಳುವುದು ಮುಖ್ಯ

ಜುಲೈ ತಿಂಗಳು. ನೇಜಿ ನೆಟ್ಟು ಬಂದ ಹೆಂಗಸಿಗೆ ಮೂರು ದಿನದಿಂದ ಜ್ವರ. ಮೆಡಿಕಲ್‌ನಿಂದ ತಂದ ಮಾತ್ರೆ ನುಂಗಿದರೆ ಇಳಿಯುತ್ತದೆ, ಸಂಜೆಗೆ ಮತ್ತೆ ಏರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜ್ವರ ಮಲೇರಿಯಾ ಆಗಿರಬಹುದು, ಡೆಂಗಿ ಆಗಿರಬಹುದು, ಇಲಿಜ್ವರವೂ ಆಗಿರಬಹುದು. ಯಾವುದೆಂದು ಫೋನಿನಲ್ಲಿ ಹೇಳಲಾಗದು, ರಕ್ತ ಪರೀಕ್ಷೆಯೇ ಆಗಬೇಕು. ಆದರೆ ಈಗಲೇ ಹೊರಡಬೇಕೋ, ಬೆಳಗಾಗುವವರೆಗೆ ಕಾಯಬಹುದೋ ಎಂಬುದನ್ನು ಫೋನಿನಲ್ಲಿ ಹೇಳಬಹುದು. ಅದಕ್ಕೆ ಕೇಳಬೇಕಾದ್ದು ಇಷ್ಟು: ಕೆಸರಿಗೆ ಇಳಿದಿದ್ದರೇ, ಕಾಲಲ್ಲಿ ಗಾಯವಿತ್ತೇ, ಮೀನಖಂಡ ಒತ್ತಿದರೆ ನೋವೇ, ಕಣ್ಣು ಕೆಂಪಾಗಿದೆಯೇ, ಹಳದಿಯಾಗಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ. ಕೊನೆಯ ಪ್ರಶ್ನೆ ಬಿಟ್ಟುಹೋದರೆ ಕಿಡ್ನಿ ಕೈಕೊಡುತ್ತಿರುವುದು ಗೊತ್ತೇ ಆಗುವುದಿಲ್ಲ.

ಇಂಥ ಪ್ರಶ್ನೆಗಳನ್ನೂ ಅವುಗಳ ಉತ್ತರದಿಂದ ಹೊರಡುವ ತೀರ್ಮಾನಗಳನ್ನೂ ನಿಯಮಗಳಾಗಿ ಬರೆದಿಟ್ಟದ್ದೇ ಪರಿಣತ ವ್ಯವಸ್ಥೆ, ಎಂದರೆ ಎಕ್ಸ್‌ಪರ್ಟ್ ಸಿಸ್ಟಂ. ‘ಜ್ವರವಿದ್ದು, ಕೆಸರಿನ ಸಂಪರ್ಕವಿದ್ದು, ಮೂತ್ರ ಕಡಿಮೆಯಾಗಿದ್ದರೆ ತಕ್ಷಣ ಆಸ್ಪತ್ರೆಗೆ ಕಳಿಸು’ ಎಂಬುದು ಒಂದು ನಿಯಮ. ಇಂಥವು ನೂರಾರು ಸೇರುತ್ತವೆ. ನಾನು ಮಾತಾಡುತ್ತಿರುವುದು ಏನು ಕೇಳಿದರೂ ಉತ್ತರಿಸುವ ಈಗಿನ ಚಾಟ್‌ಬಾಟ್‌ಗಳ ಬಗ್ಗೆ ಅಲ್ಲ. ಅವು ಆ ಉತ್ತರ ಯಾಕೆ ಕೊಟ್ಟವೆಂದು ಅವನ್ನು ಮಾಡಿದವರಿಗೂ ಪೂರ್ತಿ ತಿಳಿಯದು. ನಿಯಮಗಳ ವ್ಯವಸ್ಥೆ ಹಾಗಲ್ಲ. 1970ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮೈಸಿನ್ ಎಂಬ ಇಂಥ ವ್ಯವಸ್ಥೆ, ರಕ್ತದ ಸೋಂಕಿಗೆ ಯಾವ ಆಂಟಿಬಯೋಟಿಕ್ ಆಗಬಹುದೆಂದು ಸೂಚಿಸುತ್ತಿತ್ತು. ‘ಈ ಪ್ರಶ್ನೆ ಯಾಕೆ?’ ಎಂದು ವೈದ್ಯರು ಮರಳಿ ಕೇಳಿದರೆ ಯಾವ ನಿಯಮಕ್ಕಾಗಿ ಎಂದು ತೋರಿಸುತ್ತಿತ್ತು. ನಿಯಮ ಕಣ್ಣೆದುರು ಇದ್ದರೆ ತಜ್ಞರು ಓದಿ ತಿದ್ದಬಹುದು. ಮಳೆಗಾಲ ಶುರುವಾಗುವ ಮೊದಲೇ ಇಲಿಜ್ವರದ ಪ್ರಶ್ನೆಯನ್ನು ಮೇಲಕ್ಕೆ ತರಬಹುದು. ಒಮ್ಮೆ ತಿದ್ದಿದರೆ ಬೈಂದೂರಿನಿಂದ ಸುಳ್ಯದವರೆಗೆ ಪ್ರತಿ ಕರೆಗೂ ಅದು ಅನ್ವಯವಾಗುತ್ತದೆ. ನೂರು ಜನ ನರ್ಸ್‌ಗಳಿಗೆ ಸುತ್ತೋಲೆ ಕಳಿಸಿ, ತರಬೇತಿ ಕೊಟ್ಟು, ಎಲ್ಲರೂ ನೆನಪಿಟ್ಟುಕೊಂಡರೇ ಎಂದು ನೋಡುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತದೆ.

ಮನುಷ್ಯರಿಗಿಂತ ಯಂತ್ರದ ಲೆಕ್ಕ ಸರಿಯಾದೀತೇ ಎಂಬ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು ದಿಢೀರ್ ಹೊಟ್ಟೆನೋವಿನಿಂದ ಬಂದ 304 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ 91.8% ಪ್ರಕರಣಗಳಲ್ಲಿ ಕಾಯಿಲೆಯನ್ನು ಸರಿಯಾಗಿ ಹೇಳಿತು, ತಂಡದ ಹಿರಿಯ ವೈದ್ಯರು 79.6%. ಆ ಕಂಪ್ಯೂಟರ್ ಪ್ರೋಗ್ರಾಂ ನಡೆಯುತ್ತಿದ್ದುದು ನಿಯಮಗಳಿಂದಲ್ಲ, ಸಂಭವನೀಯತೆಯ ಲೆಕ್ಕದಿಂದ. ಆದರೂ ನನ್ನ ವಾದಕ್ಕೆ ಬೇಕಾದ್ದು ಅದರಲ್ಲಿದೆ: ದಣಿಯದ, ಮರೆಯದ, ಮೊದಲು ಹೊಳೆದ ಕಾಯಿಲೆಗೇ ಅಂಟಿಕೊಳ್ಳದ ಲೆಕ್ಕಾಚಾರ ರೋಗಿಗೆ ಒಳ್ಳೆಯದು.

ನರ್ಸ್ ಫೋನ್ ಎತ್ತುವ ಕಡೆಯಲ್ಲೂ ಎದುರಿಗೆ ಕಂಪ್ಯೂಟರ್ ಇದ್ದೇ ಇರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ಫೋನ್ ಸಹಾಯವಾಣಿಯಾಗಿ 1998ರಲ್ಲಿ ಶುರುವಾದ ಎನ್‌ಎಚ್‌ಎಸ್ ಡೈರೆಕ್ಟ್‌ನಲ್ಲಿ ಕರೆಗಳಿಗೆ ನರ್ಸ್‌ಗಳು ಸಲಹೆ ಕೊಡುತ್ತಿದ್ದರು, ಪ್ರಶ್ನೆಗಳು ಪರದೆಯ ಮೇಲೆ ಬರುತ್ತಿದ್ದವು. 2014ರಲ್ಲಿ ಅದು ಮುಚ್ಚಿತು. ಅದರ ಜಾಗಕ್ಕೆ ಬಂದ 111 ಸೇವೆಯಲ್ಲಿ ಮೊದಲು ಫೋನ್ ಎತ್ತುವವರು ನರ್ಸ್‌ಗಳಲ್ಲ, ತರಬೇತಿ ಪಡೆದ ಸಾಮಾನ್ಯ ಸಿಬ್ಬಂದಿ. ಅಲ್ಲಿ ದಾರಿ ತೋರಿಸುವುದು ಎನ್‌ಎಚ್‌ಎಸ್ ಪಾತ್‌ವೇಸ್ ಎಂಬ ಸಾಫ್ಟ್‌ವೇರ್. ಬುದ್ಧಿ ಆಗಲೇ ಪರದೆಯೊಳಗೆ ಹೋಗಿದೆ. ಅದನ್ನು ಓದಿ ಹೇಳಲು ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರನ್ನು ಕೂರಿಸುವುದು ನ್ಯಾಯವೇ? ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ, ಆದರೆ ಅಲ್ಲಿ ಕಲಿತವರಲ್ಲಿ ಎಷ್ಟೋ ಮಂದಿ ಗಲ್ಫ್‌ಗೋ ಬ್ರಿಟನ್‌ಗೋ ಹೊರಡುತ್ತಾರೆ. ಉಳಿದವರು ವಾರ್ಡಿನಲ್ಲಿ ಬೇಕು, ಐಸಿಯುನಲ್ಲಿ ಬೇಕು. ಡ್ರಿಪ್ ಹಾಕುವ, ಗಾಯ ತೊಳೆಯುವ ಕೈಗೆ ಬದಲಿಲ್ಲ. ಪ್ರಶ್ನೆ ಓದುವ ಬಾಯಿಗೆ ಬದಲುಂಟು.

2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದಾಗ ಮನೆಮನೆಯಲ್ಲೂ ಒಂದೇ ಭಯವಿತ್ತು. ಜ್ವರ ಇಳಿದ ಮೇಲೆಯೇ ಅಪಾಯ ಹೆಚ್ಚು, ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಓಡಿ, ನೋವಿಗೆಂದು ಐಬುಪ್ರೊಫೆನ್ ಕೊಡಬೇಡಿ ಎಂಬ ಮಾತು ಆಗ ಎಲ್ಲರಿಗೂ ಒಂದೇ ಹೊತ್ತಿಗೆ ಬೇಕಿತ್ತು. ಒಬ್ಬ ನರ್ಸ್ ಒಂದು ಹೊತ್ತಿಗೆ ಒಂದೇ ಕರೆ ಎತ್ತಬಲ್ಲರು.

ಇನ್ನೊಂದು ಮಾತಿದೆ, ಇದನ್ನು ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ. ಬಿಳಿಸೆರಗು, ಮೂಲವ್ಯಾಧಿ, ಗರ್ಭ ನಿಂತಿದೆಯೋ ಎಂಬ ಅನುಮಾನ ಇಂಥವನ್ನು ಊರಿನವರಿರಬಹುದಾದ ಸಿಸ್ಟರ್ ಬಳಿ ಹೇಳಲು ಹೆದರುವವರು ಯಂತ್ರದ ಮುಂದೆ ಹೇಳಿಯಾರು. ಹೇಳದೆ ಉಳಿದ ಕಾಯಿಲೆಗೆ ಯಾವ ಅನುಭವಿ ನರ್ಸೂ ಸಲಹೆ ಕೊಡಲಾರರು.

ಅಪಾಯದ ಲಕ್ಷಣ ಕಂಡ ತಕ್ಷಣ ಕರೆ ನೇರ 108ಕ್ಕೆ ದಾಟಬೇಕು, ಮನುಷ್ಯರೇ ಬೇಕೆಂದವರಿಗೆ ಮನುಷ್ಯರು ಸಿಗಬೇಕು. ಇವೆರಡನ್ನು ಬಿಟ್ಟರೆ, ಮೊದಲ ಪ್ರಶ್ನೆಯಿಂದ ಕೊನೆಯ ಸಲಹೆಯವರೆಗೆ ವ್ಯವಸ್ಥೆಯೇ ನಡೆಸಿಕೊಂಡು ಹೋಗಲಿ.

ವಿರೋಧ: ಕರೆ ಮಾಡಿದವರು ರೋಗಿಯೇ ಅಲ್ಲ

ಲೀಡ್ಸ್‌ನ ಲೆಕ್ಕ ನಿಜ. ಆದರೆ ಆ ಕಂಪ್ಯೂಟರಿಗೆ ವಿವರ ಕೊಟ್ಟವರು ಯಾರು? ರೋಗಿಯ ಪಕ್ಕದಲ್ಲಿ ನಿಂತು, ಹೊಟ್ಟೆ ಒತ್ತಿ ನೋಡಿ, ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಸರಿಯಿತೆಂದು ಕೇಳಿ, ಫಾರಂ ತುಂಬಿಸಿದ ವೈದ್ಯರು. ಹೊಟ್ಟೆ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂಬುದನ್ನು ಕೈ ಹೇಳಿತು, ಲೆಕ್ಕವನ್ನು ಯಂತ್ರ ಮಾಡಿತು. ಫೋನಿನಲ್ಲಿ ಆ ಕೈಯೇ ಇಲ್ಲ. ಇನ್ನು ಮೈಸಿನ್. ಅಷ್ಟು ಹೊಗಳಿಸಿಕೊಂಡ ಅದು ಯಾವ ಆಸ್ಪತ್ರೆಯಲ್ಲೂ ದಿನನಿತ್ಯದ ಬಳಕೆಗೆ ಬರಲಿಲ್ಲ.

ನಮ್ಮ ಊರಿನಲ್ಲಿ ಫೋನ್ ಮೂಲಕ ಸಲಹೆ ಕೇಳುವುದು ಹೊಸತಲ್ಲ. ಡಿಸ್ಚಾರ್ಜ್ ಆಗಿ ಹೋದವರ ಮನೆಯಿಂದ ವಾರ್ಡಿನ ಫೋನಿಗೆ ಕರೆ ಬರುತ್ತಲೇ ಇರುತ್ತದೆ. ರಾತ್ರಿ ಪಾಳಿಯಲ್ಲಿ ಹೆಚ್ಚು. ನಾನು ಎತ್ತಿದ ಕರೆಗಳಲ್ಲಿ ರೋಗಿಯೇ ಮಾತಾಡಿದ್ದು ಅಪರೂಪ. ಅತ್ತೆಯ ಕಾಯಿಲೆಗೆ ಸೊಸೆ, ಮಗುವಿನ ಜ್ವರಕ್ಕೆ ಪಕ್ಕದ ಮನೆಯವರು, ಕಾರ್ಕಳದಲ್ಲಿ ಒಬ್ಬರೇ ಇರುವ ಅಪ್ಪನಿಗಾಗಿ ದುಬೈಯಿಂದ ಮಗ. ವ್ಯವಸ್ಥೆ ಕೇಳುವ ಪ್ರಶ್ನೆಗೆ ಇವರು ಕೊಡುವುದು ತಮಗೆ ತೋಚಿದ ಉತ್ತರ.

ಏಪ್ರಿಲ್ ತಿಂಗಳ ಒಂದು ರಾತ್ರಿಯ ಕರೆ ಹೀಗಿತ್ತು.

“ಅಪ್ಪನಿಗೆ ಗ್ಯಾಸ್ ಆಗಿದೆ ಸಿಸ್ಟರ್, ಎಂತ ಮಾತ್ರೆ ಕೊಡ್ಬಹುದು?”

“ಈಗ ಅಪ್ಪ ಎಂತ ಮಾಡ್ತಿದ್ದಾರಮ್ಮ?”

“ಚಾವಡಿಯಲ್ಲಿ ಕೂತಿದ್ದಾರೆ. ಮಲಗಿ ಅಂದ್ರೆ ಕೇಳುದಿಲ್ಲ.”

“ಬೆವರ್ತಿದ್ದಾರಾ?”

“ಇಲ್ಲ, ಅಂಥದ್ದೇನಿಲ್ಲ. ಸೆಕೆ ಅಲ್ವಾ.”

“ಅವರ ಕೈ ಹಿಡಿದು ನೋಡಿ. ನಾನು ಫೋನಲ್ಲೇ ಇರ್ತೇನೆ.”

“ತಣ್ಣಗಿದೆ ಸಿಸ್ಟರ್. ಅಂಗಿ ಬೆನ್ನಿಗೆ ಅಂಟಿಕೊಂಡಿದೆ.”

ಮಾತ್ರೆ ಬೇಡ, ನಡೆಸಲೂ ಬೇಡ, ಕೂತ ಕುರ್ಚಿಯಲ್ಲೇ ಎತ್ತಿ ಗಾಡಿಗೆ ಹಾಕಿ ಎಂದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಹಾರ್ಟ್ ಅಟ್ಯಾಕ್ ಎಂದೇ ಗೊತ್ತಾಯಿತು. ಆ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಅಂಥವರಿಗೆ ಎದೆನೋವೇ ಬಾರದೆ ಹೀಗಾಗುವುದುಂಟು. ಒಳ್ಳೆಯ ವ್ಯವಸ್ಥೆಯೂ ಹೊಟ್ಟೆಯ ತೊಂದರೆ ಎಂದವರಿಗೆ ಬೆವರಿನ ಪ್ರಶ್ನೆ ಕೇಳೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಗಳು ಅದಕ್ಕೂ ‘ಇಲ್ಲ’ ಎಂದೇ ಹೇಳುತ್ತಿದ್ದಳು, ವ್ಯವಸ್ಥೆ ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿತ್ತು. ಅವಳು ಸುಳ್ಳು ಹೇಳಲಿಲ್ಲ. ಕರಾವಳಿಯ ಸೆಕೆಯಲ್ಲಿ ಬೆವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ‘ಇಲ್ಲ’ವನ್ನು ನಂಬಬಾರದೆಂದು ನನಗೆ ಅನ್ನಿಸಿದ್ದು ಅವಳ ದನಿಯಲ್ಲಿದ್ದ ಗಾಬರಿಯಿಂದ, ಅಪ್ಪ ಮಲಗಲು ಒಪ್ಪುತ್ತಿಲ್ಲ ಎಂಬ ಮಾತಿನಿಂದ.

ಮಾತಾಡುವಾಗ ಉಸಿರು ಎಲ್ಲಿ ತುಂಡಾಗುತ್ತದೆ, ಹಿಂದೆ ಅಳುತ್ತಿದ್ದ ಮಗು ಯಾವಾಗ ಸುಮ್ಮನಾಯಿತು, ಉತ್ತರ ಕೊಡುವ ಮೊದಲು ಸೊಸೆ ಯಾರ ಕಡೆ ತಿರುಗಿ ಕೇಳಿದಳು, ಇದೆಲ್ಲ ನರ್ಸ್‌ಗೆ ಕೇಳಿಸುತ್ತದೆ. ನಮ್ಮಲ್ಲಿ ಕರೆಯೊಂದು ಕನ್ನಡದಲ್ಲಿ ಶುರುವಾಗಿ, ಭಯ ಹೆಚ್ಚಿದಂತೆ ತುಳುವಿಗೋ ಬ್ಯಾರಿಗೋ ಕೊಂಕಣಿಗೋ ಹೊರಳುತ್ತದೆ. ಕುಂದಾಪುರದ ಅಜ್ಜಿಯ ಕನ್ನಡ ಪುಸ್ತಕದ ಕನ್ನಡವಲ್ಲ. ಮಂಗಳೂರಿನ ವಾರ್ಡುಗಳಲ್ಲಿ ಕೇರಳದಿಂದ ಬಂದ ಸಿಸ್ಟರ್‌ಗಳೂ ವರ್ಷದೊಳಗೆ ತುಳು ಅರ್ಥ ಮಾಡಿಕೊಳ್ಳುತ್ತಾರೆ, ಯಾಕೆಂದರೆ ರೋಗಿ ನೋವಿನಲ್ಲಿ ಬೇರೆ ಭಾಷೆ ಆಡುವುದಿಲ್ಲ.

ವ್ಯವಸ್ಥೆ ಬರೆಯುವವರಿಗೆ ಇನ್ನೊಂದು ಭಯವಿರುತ್ತದೆ, ಅದು ಸಹಜ. ಒಂದು ಸಾವು ತಪ್ಪಿಹೋಗಬಾರದೆಂದು ಅನುಮಾನವಿದ್ದಲ್ಲೆಲ್ಲ ‘ಆಸ್ಪತ್ರೆಗೆ ಹೋಗಿ’ ಎಂದು ಬರೆಯುತ್ತಾರೆ. ಮಣಿಪಾಲದಲ್ಲಿ ಕೂತು ಬರೆಯುವಾಗ ಅದು ಸಣ್ಣ ಮಾತು. ಕೊಲ್ಲೂರಿನ ಆಚೆ ಕಾಡಂಚಿನ ಮನೆಯಿಂದ ಮಣಿಪಾಲಕ್ಕೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಮಧ್ಯರಾತ್ರಿ, ಸುರಿಯುವ ಮಳೆ, ಬಾಡಿಗೆ ಜೀಪು, ಮಾರನೇ ದಿನದ ಕೂಲಿ ಇಲ್ಲ. ಎರಡು ಸಲ ಹೋಗಿ ‘ಏನಿಲ್ಲ’ ಎನ್ನಿಸಿಕೊಂಡು ಬಂದವರು ಮೂರನೇ ಸಲ ಹೋಗುವುದಿಲ್ಲ. ಅನುಭವಿ ನರ್ಸ್ ಇಲ್ಲಿ ಮಾಡುವ ಕೆಲಸ ನಿಯಮದಲ್ಲಿ ಇಲ್ಲದ್ದು: ‘ಈಗ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ, ಒಂದು ಗಂಟೆ ಬಿಟ್ಟು ನಾನೇ ಫೋನ್ ಮಾಡ್ತೇನೆ, ಅಷ್ಟರಲ್ಲಿ ಮಗು ಉಚ್ಚೆ ಹೊಯ್ದಿತಾ ನೋಡಿ.’ ಯಂತ್ರವೂ ಗಂಟೆ ಬಿಟ್ಟು ಕರೆ ಮಾಡಬಲ್ಲದು. ಆದರೆ ಸಿಸ್ಟರ್ ಕಾಯುತ್ತಿದ್ದಾರೆ ಎಂಬ ಕಾರಣಕ್ಕೇ ಆ ತಾಯಿ ಎಚ್ಚರವಾಗಿ ಕೂತು ಗುಟುಕು ಲೆಕ್ಕ ಇಡುತ್ತಾಳೆ.

ಇಂಗ್ಲೆಂಡಿನ 111ರ ಉದಾಹರಣೆ ಕೊಟ್ಟವರು ಅರ್ಧ ಮಾತ್ರ ಹೇಳಿದ್ದಾರೆ. ಅಲ್ಲಿ ಸಾಫ್ಟ್‌ವೇರ್ ಓದುವವರೂ ಮನುಷ್ಯರೇ. ಅವರ ಹಿಂದೆ, ಕಷ್ಟದ ಕರೆಗಳನ್ನು ವಹಿಸಿಕೊಳ್ಳಲು ನರ್ಸ್‌ಗಳೂ ಪ್ಯಾರಾಮೆಡಿಕ್‌ಗಳೂ ಇದ್ದಾರೆ. ನಮ್ಮ ದೇಶದ ಮಾತು ಇನ್ನೂ ಸ್ಪಷ್ಟ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ವೈದ್ಯರಿಗೆ ನೆರವಾಗಬಹುದು, ಅಷ್ಟೇ. ನರ್ಸ್‌ಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆ. ಸಲಹೆ ತಪ್ಪಿದರೆ ಕರೆದು ಕೇಳಬಹುದು, ನೋಂದಣಿ ಕಿತ್ತುಕೊಳ್ಳಬಹುದು. ವ್ಯವಸ್ಥೆ ತಪ್ಪಿದರೆ ನೊಂದ ಮನೆಯವರು ಯಾರ ಬಾಗಿಲು ತಟ್ಟಬೇಕು? ನಿಯಮ ಬರೆದ ತಜ್ಞರದ್ದೋ, ಕೋಡ್ ಬರೆದವರದ್ದೋ, ಟೆಂಡರ್ ಪಡೆದವರದ್ದೋ?

ತಂತ್ರಜ್ಞಾನ ಬೇಡ ಎನ್ನುವವಳಲ್ಲ ನಾನು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿದೆ. ಅಲ್ಲಿ ತೆಗೆದ ಇಸಿಜಿ ವಾಟ್ಸಾಪ್‌ನಲ್ಲಿ ಬರುತ್ತದೆ, ತಜ್ಞರು ನೋಡಿ ಉತ್ತರಿಸುತ್ತಾರೆ. ದೂರ ಕಡಿಮೆ ಮಾಡಲು ಯಂತ್ರ, ತೀರ್ಮಾನಕ್ಕೆ ಮನುಷ್ಯರು. ನಾನು ಕೇಳುತ್ತಿರುವುದೂ ಅದೇ ಏರ್ಪಾಡು. ನಾಚಿಕೆಯಿಂದ ಹೇಳಲಾಗದವರ ಮಾತು ಮಾತ್ರ ನನಗೂ ಒಪ್ಪಿಗೆ. ಅವರಿಗಾಗಿ, ಬೇಕಾದಾಗ ನರ್ಸ್ ಬಳಿ ಬರುವ ದಾರಿ ಇಟ್ಟುಕೊಂಡೇ, ಹೆಸರು ಹೇಳದೆ ಬರೆದು ಕೇಳುವ ಸೌಲಭ್ಯ ಇರಲಿ.

ನರ್ಸ್‌ಗಳು ಸಿಗುವುದಿಲ್ಲ ಎಂಬ ಮಾತಿಗೆ ಬರುತ್ತೇನೆ. ಹುಡುಗಿಯರು ಗಲ್ಫ್‌ಗೆ ಹೋಗುವುದು ಇಲ್ಲಿನ ಸಂಬಳ ಸಾಲದೆ, ಅದನ್ನು ಸಾಫ್ಟ್‌ವೇರ್ ಸರಿಪಡಿಸದು. ಹೋಗದೆ ಉಳಿದವರಲ್ಲಿ ಒಂದು ದೊಡ್ಡ ಗುಂಪು ಯಾರ ಕಣ್ಣಿಗೂ ಬಿದ್ದಿಲ್ಲ. ವರ್ಷಾನುಗಟ್ಟಲೆ ರೋಗಿಗಳನ್ನು ಎತ್ತಿ ಮಲಗಿಸಿ ಸೊಂಟ ಹೋದವರು, ಮಂಡಿ ಸವೆದವರು, ಮಕ್ಕಳೆಂದು ರಾತ್ರಿ ಪಾಳಿ ಬಿಟ್ಟವರು. ಇವರಿಂದ ವಾರ್ಡಿನಲ್ಲಿ ನಿಲ್ಲಲಾಗದು, ಆದರೆ ಕಿವಿಯೂ ಅನುಭವವೂ ಹಾಗೆಯೇ ಇವೆ. ಮಂಗಳೂರು, ಪುತ್ತೂರು, ಕುಂದಾಪುರದ ಮನೆಗಳಲ್ಲಿ ಇಂಥವರು ಸುಮ್ಮನೆ ಕೂತಿದ್ದಾರೆ. ಫೋನಿನ ಕೆಲಸ ಇವರಿಗೆ ಸಿಗಬೇಕಾದ ಕೆಲಸ. ಅದನ್ನೇ ಯಂತ್ರಕ್ಕೆ ಕೊಟ್ಟರೆ ವಾರ್ಡಿಗೆ ಒಬ್ಬ ನರ್ಸೂ ಹೆಚ್ಚಾಗುವುದಿಲ್ಲ.

ಕರಾವಳಿಗೆಂದೇ ಇಂಥ ಸಹಾಯವಾಣಿ ಬರುವುದಾದರೆ ಪರದೆಯ ಮೇಲೆ ಇಲಿಜ್ವರದ ಪ್ರಶ್ನೆಗಳು ಸಾಲಾಗಿ ಬರಲಿ, ಒಂದು ಬಿಟ್ಟರೆ ಕೆಂಪು ಬಣ್ಣದಲ್ಲಿ ಎಚ್ಚರಿಸಲಿ. ವ್ಯವಸ್ಥೆ ‘ಮನೆಯಲ್ಲೇ ಇರಬಹುದು’ ಎಂದಾಗ ‘ಬೇಡ, ಹೊರಡಿ’ ಎನ್ನುವ ಅಧಿಕಾರ ನರ್ಸ್‌ಗೆ ಇರಬೇಕು, ಹಾಗೆ ಹೇಳಿದ್ದಕ್ಕೆ ಅವರಿಂದ ಕಾರಣ ಕೇಳಿ ನೋಟಿಸ್ ಕೊಡಬಾರದು. ಇದನ್ನು ಟೆಂಡರ್ ಕರೆಯುವ ಮೊದಲೇ ಬರೆದಿಡಬೇಕು.